ಹಳೆಯ ಶಾಲೆಯ ಕಚೇರಿಗೆ ಹೊಸ ಗುಮಾಸ್ತರು: ಕೆಲಸ ಎಲ್ಲಿಂದ ಹಿಡಿಯಬೇಕು?

‘ಹೈಸ್ಕೂಲಿಗೆ ದ್ವಿತೀಯ ದರ್ಜೆ ಸಹಾಯಕರಾಗಿ ಪೋಸ್ಟಿಂಗ್ ಆಗಿದೆ. ಶಾಲೆ ನೂರು ವರ್ಷ ಹಳೆಯದು. ಕಪಾಟು ತುಂಬ ರಿಜಿಸ್ಟರು, ಹೇಳಿಕೊಡುವವರು ಯಾರೂ ಇಲ್ಲ. ಮೊದಲು ಏನು ಮಾಡಲಿ?’ ಜೂನ್ ಬಂತೆಂದರೆ ಓದುಗರಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅನುದಾನಿತ ಶಾಲೆಗಳಿಗೆ ಆಡಳಿತ ಮಂಡಳಿಯಿಂದ ನೇಮಕವಾದ ಗುಮಾಸ್ತರೂ ಕೇಳುವುದು ಇದನ್ನೇ. ಎಲ್ಲರಿಗೂ ಒಟ್ಟಿಗೆ ಉತ್ತರ ಇಲ್ಲಿದೆ.

ಹೊಸ ಶಾಲೆಯ ಕಚೇರಿಯಲ್ಲಿ ಕೆಲಸವೆಲ್ಲ ಈಗ ಓದುತ್ತಿರುವ ಮಕ್ಕಳದ್ದು. ಹಳೆಯ ಶಾಲೆಯಲ್ಲಿ ಅರ್ಧಕ್ಕರ್ಧ ಕೆಲಸ ಎಂದೋ ಶಾಲೆ ಬಿಟ್ಟು ಹೋದವರದ್ದು. ಒಬ್ಬರಿಗೆ ಪಾಸ್‌ಪೋರ್ಟಿಗೆ ಹುಟ್ಟಿದ ದಿನಾಂಕ ಬೇಕು, ಇನ್ನೊಬ್ಬರಿಗೆ ಮೊಮ್ಮಗನ ಜಾತಿ ಸಿಂಧುತ್ವ ಪ್ರಮಾಣಪತ್ರಕ್ಕೆ ತಾತನ ಶಾಲಾ ದಾಖಲೆ ಬೇಕು, ಮತ್ತೊಬ್ಬರಿಗೆ ಕೆಲಸದ ಅರ್ಜಿಗೆ ಕನ್ನಡ ಮಾಧ್ಯಮದ ಪ್ರಮಾಣಪತ್ರ ಬೇಕು. ಇಷ್ಟಕ್ಕೂ ಆಧಾರ ಒಂದೇ ಪುಸ್ತಕ: ದಾಖಲಾತಿ ವಹಿ, ಅಂದರೆ ಅಡ್ಮಿಷನ್ ರಿಜಿಸ್ಟರ್. ಕಂಪ್ಯೂಟರ್ ಕೆಲಸ ಒಂದು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಈ ವಹಿಗಳ ಪರಿಚಯಕ್ಕೆ ವರ್ಷವೇ ಬೇಕು. ಆದ್ದರಿಂದ ಶುರು ಅಲ್ಲಿಂದಲೇ ಆಗಲಿ.

ಮುಂದೆ ಬರುವ ಕೆಲವು ಹೆಸರುಗಳನ್ನು ಮೊದಲೇ ಹೇಳಿಬಿಡುತ್ತೇವೆ. ಪ್ರ.ದ.ಸ., ದ್ವಿ.ದ.ಸ. ಎಂದರೆ ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕರು, ಎಫ್.ಡಿ.ಎ., ಎಸ್.ಡಿ.ಎ. ಎಂದು ಕರೆಯುವುದೂ ಇವರನ್ನೇ. ಎಚ್.ಎಂ. ಮುಖ್ಯೋಪಾಧ್ಯಾಯರು. ಬಿ.ಇ.ಒ. ತಾಲ್ಲೂಕು ಮಟ್ಟದ ಕ್ಷೇತ್ರ ಶಿಕ್ಷಣಾಧಿಕಾರಿ, ಡಿ.ಡಿ.ಪಿ.ಐ. ಜಿಲ್ಲೆಯ ಉಪನಿರ್ದೇಶಕರು. ಸ್ಯಾಟ್ಸ್ ಎಂದರೆ ಮಕ್ಕಳ ದಾಖಲಾತಿ, ವರ್ಗಾವಣೆ, ಫಲಿತಾಂಶ ಎಲ್ಲ ಇರುವ ರಾಜ್ಯದ ತಂತ್ರಾಂಶ. ಯು-ಡೈಸ್ ಕೇಂದ್ರ ಸರ್ಕಾರದ್ದು. ಅಲ್ಲಿ ನಿಮ್ಮ ಶಾಲೆಗೆ 11 ಅಂಕಿಯ ಸಂಖ್ಯೆ ಇರುತ್ತದೆ: ಮೊದಲೆರಡು ರಾಜ್ಯದ್ದು (ನಮ್ಮದು 29), ಆಮೇಲೆ ಜಿಲ್ಲೆಗೆ ಎರಡು, ತಾಲ್ಲೂಕಿಗೆ ಎರಡು, ಊರಿಗೆ ಮೂರು, ಶಾಲೆಗೆ ಎರಡು. ಇದನ್ನು ಬಾಯಿಪಾಠ ಮಾಡಿಕೊಳ್ಳಿ, ದಿನಕ್ಕೆ ಹತ್ತು ಸಲ ಬೇಕಾಗುತ್ತದೆ.

ಕೈಯಲ್ಲಿ ಇರಬೇಕಾದ ಸಾಮಾನು ಹೆಚ್ಚೇನಿಲ್ಲ. ಎರಡಿಂಚಿನ ಮೆತ್ತನೆಯ ಪೇಂಟ್ ಬ್ರಷ್, ಮೂಗಿಗೆ ಮಾಸ್ಕ್, ಭೂತಗನ್ನಡಿ, ನೂಲಿನ ಲಾಡಿ, ಸ್ಟೀಲ್ ಸ್ಕೇಲು, ಇನ್ನೂರು ಪುಟದ ಒಂದು ನೋಟ್‌ಬುಕ್. ಜೆಲ್ ಪೆನ್ ಬೇಡ. ಅದರ ಶಾಯಿ ತೇವ ತಾಗಿದರೆ ಹರಡುತ್ತದೆ.

1. ಎಣಿಸದೆ ಪ್ರಭಾರ (ಚಾರ್ಜ್) ತೆಗೆದುಕೊಳ್ಳಬೇಡಿ

ಹಿಂದಿನವರು ವರ್ಗವಾಗಿ ಹೊರಟ ಅವಸರದಲ್ಲಿ ‘ಎಲ್ಲಾ ಸರಿ ಇದೆ, ಸಹಿ ಹಾಕಿ’ ಎನ್ನುತ್ತಾರೆ. ಹಾಕಬೇಡಿ. ಪ್ರಭಾರ ಪಟ್ಟಿಯಲ್ಲಿ ಕಡ್ಡಾಯವಾಗಿ ಇರಬೇಕಾದವು ಇವು: ನಗದು ಪುಸ್ತಕದ ಶಿಲ್ಕು (ಉಳಿಕೆ ಹಣ) ಮತ್ತು ಆ ದಿನದ ಬ್ಯಾಂಕ್ ಶಿಲ್ಕು, ಬಳಸಿದ ಹಾಗೂ ಖಾಲಿ ರಶೀದಿ ಪುಸ್ತಕಗಳು, ಮೊದಲ ಮತ್ತು ಕೊನೆಯ ಸಂಖ್ಯೆ ಸಮೇತ, ಚೆಕ್ ಪುಸ್ತಕಗಳು, ಖಾಲಿ ವರ್ಗಾವಣೆ ಪತ್ರದ ಪುಸ್ತಕಗಳು, ಮೊಹರುಗಳು, ಸಿಬ್ಬಂದಿಯ ಸೇವಾ ವಹಿಗಳು, ಹೆಸರು ಹೆಸರಾಗಿ, ದಾಖಲಾತಿ ವಹಿಯ ಸಂಪುಟಗಳು, ಒಂದೊಂದಾಗಿ, ಬೀಗದ ಕೈಗಳು.

ಸಂಪುಟ ಕಾಣದಿದ್ದರೆ ಪಟ್ಟಿಯಲ್ಲೇ ‘ಸಂಪುಟ 4 ಪ್ರಭಾರದ ವೇಳೆ ಕಂಡುಬಂದಿರುವುದಿಲ್ಲ’ ಎಂದು ಬರೆದು ಇಬ್ಬರೂ ಸಹಿ ಮಾಡಿ, ಎಚ್.ಎಂ. ಸಹಿಯನ್ನೂ ಪಡೆಯಿರಿ. ಇದರಿಂದ ಯಾರ ಮೇಲೂ ಆರೋಪ ಹೊರಿಸಿದಂತಾಗುವುದಿಲ್ಲ. ಹತ್ತು ವರ್ಷ ಬಿಟ್ಟು ಆ ಸಂಪುಟ ಯಾರಿಗಾದರೂ ಬೇಕಾದಾಗ ‘ನಿಮ್ಮ ಕಾಲದಲ್ಲಿ ಕಳೆದದ್ದು’ ಎಂಬ ಮಾತು ನಿಮ್ಮ ಪಿಂಚಣಿಗೆ ಅಡ್ಡ ಬರುವುದಿಲ್ಲ, ಅಷ್ಟೆ.

ಈಗಿನ ಕಾಲದ ಒಂದು ಗುಂಡಿ: ಸ್ಯಾಟ್ಸ್, ಯು-ಡೈಸ್, ಸಂಬಳದ ಎಚ್‌.ಆರ್‌.ಎಂ.ಎಸ್. ಮತ್ತು ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಹಿಂದಿನವರದ್ದೇ ಆಗಿರುತ್ತದೆ. ಒ.ಟಿ.ಪಿ. ಅವರಿಗೆ ಹೋಗುತ್ತದೆ, ಅವರು ಇನ್ನೊಂದು ಜಿಲ್ಲೆಯಲ್ಲಿ ಚುನಾವಣಾ ಕೆಲಸದಲ್ಲಿರುತ್ತಾರೆ. ಅವರು ಬಿಡುಗಡೆಯಾಗುವ ಮುಂಚೆ, ಎದುರಿಗೇ ಕೂತು ಎಲ್ಲ ಕಡೆ ಸಂಖ್ಯೆ ಬದಲಿಸಿ. ಸಾಧ್ಯವಾದರೆ ಶಾಲೆಯ ಹೆಸರಿನಲ್ಲೇ ಒಂದು ಸಿಮ್ ಇರಲಿ.

2. ದಾಖಲಾತಿ ವಹಿಗಳ ಸೂಚಿ ತಯಾರಿಸಿ

ಮೊದಲ ಎರಡು ವಾರ ಸಂಜೆಯ ಒಂದೊಂದು ಗಂಟೆ ಇದಕ್ಕೆ ಕೊಡಿ. ನೋಟ್‌ಬುಕ್ಕಿನಲ್ಲಿ ಅಂಕಣ ಎಳೆಯಿರಿ: ಸಂಪುಟ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಬರಹದ ಭಾಷೆ, ಪುಸ್ತಕದ ಸ್ಥಿತಿ, ಕಪಾಟಿನ ಸಂಖ್ಯೆ. ಈ ಒಂದು ಸೂಚಿ ಇದ್ದರೆ, 1961ರಲ್ಲಿ ಸೇರಿದವರ ಹೆಸರು ಹುಡುಕಲು ಹತ್ತು ನಿಮಿಷ ಸಾಕು. ಇಲ್ಲದಿದ್ದರೆ ಬಂದವರನ್ನು ‘ಮುಂದಿನ ವಾರ ಬನ್ನಿ’ ಎಂದು ಅಲೆಸಬೇಕಾಗುತ್ತದೆ.

ಎಡವುವುದು ಎಲ್ಲಿ?

ಸಂಖ್ಯೆ ಮೊದಲಿಂದ ಶುರುವಾಗಿರಬಹುದು. ಮಿಡಲ್ ಸ್ಕೂಲು ಹೈಸ್ಕೂಲಾಗಿ ಏರಿದ ವರ್ಷ, ಬಾಲಕಿಯರ ವಿಭಾಗ ಬೇರೆಯಾದ ವರ್ಷ, ಎರಡು ಶಾಲೆ ಒಂದಾದ ವರ್ಷ ಹೀಗಾಗುವುದು ಸಾಮಾನ್ಯ. ಕೆಲವು ಕಡೆ ವರ್ಷಕ್ಕೊಮ್ಮೆ ಒಂದರಿಂದ ಎಣಿಸಿ ‘12/1968-69’ ಎಂದು ಬರೆದಿರುತ್ತಾರೆ. ಹಾಗಾಗಿ ‘ದಾಖಲಾತಿ ಸಂಖ್ಯೆ 212’ ಎಂದಷ್ಟೇ ಹಿಡಿದು ಹೊರಟರೆ ನಾಲ್ಕು ಜನ 212 ಸಿಗುತ್ತಾರೆ. ಸೂಚಿಯಲ್ಲಿ ಸಂಖ್ಯೆಯ ಜತೆ ವರ್ಷ ಇರಲೇಬೇಕು.

ಶಾಲೆಯ ಹೆಸರೂ ಬದಲಾಗಿರುತ್ತದೆ. ಮುನಿಸಿಪಲ್ ಹೈಸ್ಕೂಲು, ಡಿಸ್ಟ್ರಿಕ್ಟ್ ಬೋರ್ಡ್ ಹೈಸ್ಕೂಲು, ಆಮೇಲೆ ಸರ್ಕಾರಿ ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗ. ಹಳೆಯ ಹೆಸರುಗಳನ್ನೂ ಬದಲಾದ ವರ್ಷವನ್ನೂ ಸೂಚಿಯ ಮೊದಲ ಪುಟದಲ್ಲಿ ಬರೆದಿಡಿ. ಕಾಲೇಜು ಮತ್ತು ಹೈಸ್ಕೂಲು ಬೇರೆಯಾದ ಕಡೆ ಕೆಲವು ಸಂಪುಟ ಕಾಲೇಜಿನ ಕಪಾಟಿನಲ್ಲೇ ಉಳಿದಿರುತ್ತವೆ. ‘ಸಿಗಲಿಲ್ಲ’ ಎಂದು ಬರೆಯುವ ಮುನ್ನ ಅಲ್ಲಿಯೂ ನೋಡಿ. ಮುಂಬೈ ಪ್ರಾಂತದಲ್ಲಿದ್ದ ಜಿಲ್ಲೆಗಳಲ್ಲಿ ದಾಖಲಾತಿ ವಹಿಗೆ ‘ಜನರಲ್ ರಿಜಿಸ್ಟರ್’ ಎಂಬ ಹೆಸರಿರಬಹುದು, ಟಿ.ಸಿ.ಗೆ (ವರ್ಗಾವಣೆ ಪತ್ರಕ್ಕೆ) ಎಲ್‌.ಸಿ. (ಲೀವಿಂಗ್ ಸರ್ಟಿಫಿಕೇಟ್) ಎನ್ನುವುದೂ ಉಂಟು. ರಟ್ಟಿನ ಮೇಲಿನ ಹೆಸರು ನೋಡಿ ಬೇರೆ ಏನೋ ಎಂದು ಪಕ್ಕಕ್ಕಿಡಬೇಡಿ.

3. ಹಳೆಯ ಬರಹ ಓದಲು ಕಲಿಯಿರಿ

ಹಳೆಯ ಶಾಲೆಯ ಗುಮಾಸ್ತರಿಗೂ ಉಳಿದವರಿಗೂ ವ್ಯತ್ಯಾಸ ಕಾಣುವುದು ಇಲ್ಲೇ. 1956ರ ನವೆಂಬರ್ 1ಕ್ಕೆ ಮುಂಚೆ ಈಗಿನ ಕರ್ನಾಟಕದ ಶಾಲೆಗಳು ಮೈಸೂರು, ಮುಂಬೈ, ಮದರಾಸು, ಹೈದರಾಬಾದು, ಕೊಡಗು ಎಂಬ ಬೇರೆ ಬೇರೆ ಆಡಳಿತಗಳಲ್ಲಿದ್ದವು. ತರಗತಿಯ ಹೆಸರು, ಭಾಷೆ, ಹೈದರಾಬಾದು ಕಡೆಯಾದರೆ ಇಸವಿಯೂ ಬೇರೆ.

ಮೊದಲು ಅಂಕಿಗಳು. ಕನ್ನಡ ಅಂಕಿಯಲ್ಲಿ ೬ ಮತ್ತು ೯ ಕೈಬರಹದಲ್ಲಿ ಅಣ್ಣತಮ್ಮಂದಿರು. ಶಾಯಿ ಹರಡಿದರೆ ೧ರ ಬಾಯಿ ಮುಚ್ಚಿಕೊಂಡು ೦ ಆಗಿಬಿಡುತ್ತದೆ. ‘೧೯೪೬’ ಎಂದೋ ‘೧೯೪೯’ ಎಂದೋ ಅನುಮಾನ ಬಂದರೆ ಕಣ್ಣು ಕಿರಿದು ಮಾಡಿ ಊಹಿಸಬೇಡಿ. ಪಕ್ಕದಲ್ಲಿ ದಿನಾಂಕವನ್ನು ಅಕ್ಷರದಲ್ಲಿ ಬರೆದಿದೆಯೇ ನೋಡಿ. ಇಲ್ಲವೆಂದರೆ ಸೇರಿದ ದಿನ ಮತ್ತು ತರಗತಿಯ ಜತೆ ತಾಳೆ ಹಾಕಿ: 1952ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದ ಮಗು 1946ರದ್ದಾದರೆ ಆರು ವರ್ಷ, 1949ರದ್ದಾದರೆ ಮೂರು ವರ್ಷ. ಮೂರು ವರ್ಷದ ಮಗುವನ್ನು ಯಾವ ಮೇಷ್ಟ್ರೂ ಸೇರಿಸಿಕೊಂಡಿರಲಾರರು. ಅದೇ ಪುಟದಲ್ಲಿ ಅದೇ ಕೈ ಬರೆದ ಬೇರೆ ೬, ೯ಗಳನ್ನು ಪಕ್ಕದಲ್ಲಿಟ್ಟು ನೋಡುವುದೂ ಒಳ್ಳೆಯ ಉಪಾಯ. ಇಷ್ಟಾದರೂ ತೀರ್ಮಾನವಾಗದಿದ್ದರೆ ಎಚ್.ಎಂ. ಮುಂದಿಟ್ಟು, ತೀರ್ಮಾನ ಏನಾಯಿತು, ಯಾಕೆ ಎಂದು ಕಡತದಲ್ಲಿ ಟಿಪ್ಪಣಿ ಬರೆಸಿ.

ಆಮೇಲೆ ತರಗತಿಗಳು. ಹಳೇ ಮೈಸೂರು ಮತ್ತು ಮದರಾಸಿನ ಕಡೆ ‘ಫಾರಂ’ ಲೆಕ್ಕ: ನಾಲ್ಕನೇ ಫಾರಂ ಎಂದರೆ ಒಟ್ಟು ಓದಿನ ಒಂಬತ್ತನೇ ವರ್ಷ, ಆರನೇ ಫಾರಂ ಹನ್ನೊಂದನೆಯದು. ಆಗ ಎಸ್‌.ಎಸ್‌.ಎಲ್‌.ಸಿ. ಅಲ್ಲಿಗೆ ಮುಗಿಯುತ್ತಿತ್ತು. ಮುಂಬೈ ಕಡೆ ‘ಇಯತ್ತೆ’: ಕನ್ನಡ ನಾಲ್ಕು ಇಯತ್ತೆ ಆದ ಮೇಲೆ ಇಂಗ್ಲಿಷ್ ಒಂದನೆಯದರಿಂದ ಏಳರವರೆಗೆ. ಕನ್ನಡ ಶಾಲೆಯಲ್ಲೇ ಏಳನೇ ಇಯತ್ತೆ ಮುಗಿಸಿದವರಿಗೆ ಮುಲ್ಕಿ ಪರೀಕ್ಷೆ. ಈ ಲೆಕ್ಕ ನಿಮಗೆ ಹುಡುಕಲು ಮಾತ್ರ. ಪ್ರಮಾಣಪತ್ರ ಬರೆಯುವಾಗ ‘ನಾಲ್ಕನೇ ಫಾರಂ’ ಎಂದಿದ್ದರೆ ಹಾಗೆಯೇ ಬರೆಯಿರಿ, ‘9ನೇ ತರಗತಿ’ ಎಂದು ನೀವಾಗಿ ಮಾಡಬೇಡಿ. ಯಾವುದಕ್ಕೆ ಯಾವುದು ಸಮ ಎಂದು ಹೇಳುವ ಅಧಿಕಾರ ಶಾಲೆಯ ಕಚೇರಿಗಿಲ್ಲ. ಊರ ಹೆಸರೂ ಹಾಗೆಯೇ. ವಹಿಯಲ್ಲಿ ‘ಗುಲ್ಬರ್ಗಾ’ ಇದ್ದರೆ ಗುಲ್ಬರ್ಗಾ. 2014ರಲ್ಲಿ ಹೆಸರು ಬದಲಾಯಿತೆಂದು 1970ರ ದಾಖಲೆಗೆ ಕಲಬುರಗಿ ಎಂದು ಬರೆಯುವಂತಿಲ್ಲ.

ಕಲಬುರಗಿ, ರಾಯಚೂರು, ಬೀದರ್ ಕಡೆಯ ಹಳೆಯ ವಹಿಗಳು ಉರ್ದುವಿನಲ್ಲಿರಬಹುದು, ಇಸವಿ ಫಸಲಿಯಲ್ಲಿರಬಹುದು (ನಿಜಾಮರ ಆಡಳಿತ ಬಳಸುತ್ತಿದ್ದ ಬೇರೆ ವರ್ಷದ ಎಣಿಕೆ). ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ, ಆಜುರ್ ತಿಂಗಳಿಂದ ಶುರು. ಫಸಲಿ 1357 ಎಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರ್ ತನಕ. ಆದ್ದರಿಂದ ಆಜುರ್, ದೈ, ಬಹಮನ್ ಎಂಬ ಮೊದಲ ಮೂರು ತಿಂಗಳಿಗೆ 590 ಕೂಡಿಸಬೇಕು, ಉಳಿದ ಒಂಬತ್ತಕ್ಕೆ 591. ಬಹಳ ಜನ ಎಲ್ಲಕ್ಕೂ 590 ಕೂಡಿಸಿ ಒಂದು ವರ್ಷ ತಪ್ಪುತ್ತಾರೆ. ಬಹಮನ್ ಕೊನೆಯ ದಿನಗಳು ಜನವರಿಗೆ ಹತ್ತಿರ ಬರುವುದರಿಂದ ಅಲ್ಲಿ ಪಂಚಾಂಗ ನೋಡದೆ ಹೇಳಬೇಡಿ. ಉರ್ದು ಓದಲು ಹತ್ತಿರದ ಉರ್ದು ಶಾಲೆಯ ಶಿಕ್ಷಕರ ನೆರವನ್ನು ಎಚ್.ಎಂ. ಮೂಲಕ ಪತ್ರ ಬರೆದು ಕೇಳಿ, ಅನುವಾದದ ಕೆಳಗೆ ಅವರ ಸಹಿ ಇರಲಿ. ಬಾಯಿಮಾತಿನಲ್ಲಿ ಓದಿಸಿಕೊಂಡು ಬರೆದದ್ದು ನಾಳೆ ನಿಲ್ಲುವುದಿಲ್ಲ.

ತಂದೆಯ ಹೆಸರಿನ ಮುಂಚೆ ‘ಬಿನ್’ ಎಂದಿದ್ದರೆ ಇಂಥವರ ಮಗ ಎಂದರ್ಥ. ಅದನ್ನು ಹೆಸರಿನ ಭಾಗವೆಂದು ಎಣಿಸಬೇಡಿ. ಹಳೆಯ ಫೀಸು ಪುಸ್ತಕದಲ್ಲಿ 2-8-0 ಎಂದರೆ ಎರಡು ರೂಪಾಯಿ ಎಂಟಾಣೆ. 1957ರ ಏಪ್ರಿಲ್ 1ರಿಂದ ನಯಾಪೈಸೆ ಬಂತು.

4. ವರ್ಗಾವಣೆ ಪತ್ರ ಕೊಡುವಾಗ

ಟಿ.ಸಿ. ಕೇಳಿ ಅರ್ಜಿ ಬಂದರೆ ಆ ದಿನವೇ ಆವಕದಲ್ಲಿ (ಒಳಬರುವ ಟಪಾಲಿನ ವಹಿ) ನಮೂದಿಸಿ. ಗ್ರಂಥಾಲಯದ ಪುಸ್ತಕ ಬಾಕಿ, ಫೀಸು ಬಾಕಿ ಎಂದು ತಡೆದಿಡುವ ಹಳೆಯ ರೂಢಿ ಇನ್ನೂ ಕೆಲವು ಕಡೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನ ಪ್ರಕಾರ, ಪ್ರಾಥಮಿಕ ಹಂತ ಮುಗಿಸುವ ಮುನ್ನ ಬೇರೆ ಶಾಲೆಗೆ ಹೋಗುವ ಮಗುವಿಗೆ ಕೂಡಲೇ ಟಿ.ಸಿ. ಕೊಡಬೇಕು, ತಡ ಮಾಡಿದ ಮುಖ್ಯಸ್ಥರ ಮೇಲೆ ಶಿಸ್ತು ಕ್ರಮ ಆಗಬಹುದು. ಟಿ.ಸಿ. ಬಂದಿಲ್ಲ ಎಂದು ಹೊಸ ಶಾಲೆ ದಾಖಲಾತಿಯನ್ನು ನಿರಾಕರಿಸುವಂತೆಯೂ ಇಲ್ಲ. ನಿಮ್ಮಲ್ಲಿಗೆ ಸೇರಲು ಬಂದ ಮಗುವಿಗೂ ಇದೇ ಅನ್ವಯ.

ಬರೆಯುವ ಕ್ರಮ: ದಾಖಲಾತಿ ವಹಿ ತೆರೆದಿಟ್ಟುಕೊಂಡೇ ಬರೆಯಿರಿ, ಸ್ಯಾಟ್ಸ್ ಪರದೆ ನೋಡಿ ಅಲ್ಲ. ಹೆಸರು, ತಂದೆ-ತಾಯಿ, ಹುಟ್ಟಿದ ದಿನ ಅಂಕಿಯಲ್ಲೂ ಅಕ್ಷರದಲ್ಲೂ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಬರೆದವರೊಬ್ಬರು, ತಾಳೆ ನೋಡಿದವರು ಇನ್ನೊಬ್ಬರು ಆಗಿರಲಿ. ಕೊಟ್ಟ ಮೇಲೆ ವಹಿಯಲ್ಲಿ ಆ ಹೆಸರಿನ ಎದುರು ಟಿ.ಸಿ. ಸಂಖ್ಯೆ, ದಿನಾಂಕ ಬರೆದು, ಪಡೆದವರ ಸಹಿಯನ್ನು ಟಿ.ಸಿ. ಪುಸ್ತಕದಲ್ಲಿ ಉಳಿಯುವ ಅರ್ಧ ಪ್ರತಿಯ ಮೇಲೆ ಪಡೆಯಿರಿ. ಬಿಟ್ಟ ದಿನಾಂಕದ ಅಂಕಣ ಖಾಲಿ ಬಿಡುವುದು ಹಳೆಯ ವಹಿಗಳಲ್ಲೆಲ್ಲ ಕಾಣುವ ದೋಷ. ಮೂವತ್ತು ವರ್ಷದ ನಂತರ ಆ ವ್ಯಕ್ತಿ ಎಷ್ಟನೇ ತರಗತಿಯವರೆಗೆ ಓದಿದರು ಎಂದು ಹೇಳಲು ಯಾವ ದಾರಿಯೂ ಉಳಿಯುವುದಿಲ್ಲ.

ಕಾಗದದ ಟಿ.ಸಿ. ಕೊಟ್ಟು ಸ್ಯಾಟ್ಸ್‌ನಲ್ಲಿ ಬಿಡುಗಡೆ ಮಾಡುವುದನ್ನು ಮರೆತರೆ ಹೊಸ ಶಾಲೆ ಮಗುವನ್ನು ಎಳೆದುಕೊಳ್ಳಲಾಗದೆ ನಿಮಗೆ ಫೋನ್ ಮಾಡುತ್ತಲೇ ಇರುತ್ತದೆ. ಎರಡೂ ಒಂದೇ ದಿನ ಆಗಲಿ.

ಕಳೆದುಹೋಯಿತೆಂದು ಎರಡನೇ ಪ್ರತಿ ಕೇಳಿದರೆ: ಲಿಖಿತ ಅರ್ಜಿ, ಕಳೆದದ್ದಕ್ಕೆ ಅಫಿಡವಿಟ್ ಅಥವಾ ಪೊಲೀಸರಿಗೆ ಕೊಟ್ಟ ದೂರಿನ ಸ್ವೀಕೃತಿ, ಗುರುತಿನ ಚೀಟಿ. ಪ್ರತಿಯ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ‘ಎರಡನೇ ಪ್ರತಿ’ ಎಂದಿರಲಿ, ಹಳೆಯ ಟಿ.ಸಿ. ಸಂಖ್ಯೆ-ದಿನಾಂಕವನ್ನೂ ಅದರಲ್ಲಿ ಬರೆಯಿರಿ. ಒಂದೇ ಹೆಸರಿನವರು ಹಳೆಯ ಶಾಲೆಯಲ್ಲಿ ಧಾರಾಳ. ಊರೊಂದರಲ್ಲಿ ಒಂದೇ ವರ್ಷ ಮೂವರು ಮಂಜುನಾಥರು ಸೇರಿರುತ್ತಾರೆ. ತಂದೆಯ ಹೆಸರು, ಊರು, ಬಿಟ್ಟ ವರ್ಷ ಮೂರೂ ಹೊಂದದೆ ಕೊಡಬೇಡಿ.

5. ವ್ಯಾಸಂಗ, ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳು

ಕೆ.ಪಿ.ಎಸ್‌.ಸಿ. ಅಥವಾ ಕೆ.ಇ.ಎ. ನೇಮಕಾತಿ ಅಧಿಸೂಚನೆ ಬಂದ ವಾರ ನಿಮ್ಮ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ಕನ್ನಡ ಮಾಧ್ಯಮ ಮೀಸಲಾತಿಗೂ ಗ್ರಾಮೀಣ ಮೀಸಲಾತಿಗೂ ಒಂದರಿಂದ ಹತ್ತನೇ ತರಗತಿಯವರೆಗಿನ ಓದನ್ನು ತೋರಿಸಬೇಕು. ಗ್ರಾಮೀಣ ಪ್ರಮಾಣಪತ್ರಕ್ಕೆ ಎಚ್.ಎಂ. ಸಹಿಯ ಜತೆ ಬಿ.ಇ.ಒ. ಮೇಲುಸಹಿಯೂ ಬೇಕು. ನಮೂನೆ ಆಯಾ ಅಧಿಸೂಚನೆಯಲ್ಲೇ ಇರುತ್ತದೆ. ಅಭ್ಯರ್ಥಿ ತಂದ ಹಳೆಯ ಜೆರಾಕ್ಸ್ ಮೇಲೆ ಸಹಿ ಹಾಕಿಸಿದರೆ ದಾಖಲೆ ಪರಿಶೀಲನೆಯಲ್ಲಿ ಬಿದ್ದುಹೋಗುತ್ತದೆ, ಬೈಗುಳ ನಿಮಗೆ.

ನಿಮ್ಮ ಶಾಲೆಯಲ್ಲಿ ಓದಿದ ತರಗತಿಗಳಿಗೆ ಮಾತ್ರ ಪ್ರಮಾಣಪತ್ರ. ‘ಒಂದರಿಂದ ಏಳು ಪಕ್ಕದ ಶಾಲೆಯಲ್ಲೇ ಸಾರ್, ಸೇರಿಸಿ ಬರೆದುಬಿಡಿ’ ಎಂದರೆ ಒಪ್ಪಬೇಡಿ. ಮಾಧ್ಯಮದ ವಿಷಯದಲ್ಲೂ ಎಚ್ಚರ: ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಮಾಧ್ಯಮವಿದ್ದರೆ ದಾಖಲಾತಿ ವಹಿಯ ಜತೆ ಆ ವರ್ಷದ ಹಾಜರಿ ವಹಿಯ ವಿಭಾಗವನ್ನೂ ನೋಡಿ. ಎಂಟರಲ್ಲಿ ಕನ್ನಡದಲ್ಲಿದ್ದು ಒಂಬತ್ತಕ್ಕೆ ಇಂಗ್ಲಿಷಿಗೆ ಹೋದವರು ಇರುತ್ತಾರೆ.

ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಸಂವಿಧಾನದ 371 (ಜೆ) ವಿಧಿಯ ಸ್ಥಳೀಯ ಮೀಸಲಾತಿಗಾಗಿ ವ್ಯಾಸಂಗ ಪತ್ರ ಕೇಳಿಕೊಂಡು ಬರುವವರ ಸಂಖ್ಯೆ ದೊಡ್ಡದು. ಅರ್ಹತಾ ಪತ್ರ ಕೊಡುವುದು ಕಂದಾಯ ಇಲಾಖೆ. ನೀವು ಬರೆಯಬೇಕಾದದ್ದು ಯಾವ ದಿನದಿಂದ ಯಾವ ದಿನದವರೆಗೆ, ಯಾವ ತರಗತಿ ಎಂಬುದಷ್ಟೇ.

ಕೊಟ್ಟ ಪ್ರತಿ ಪ್ರಮಾಣಪತ್ರವನ್ನೂ ಜಾವಕದಲ್ಲಿ (ಹೊರಹೋಗುವ ಪತ್ರಗಳ ವಹಿ) ಏರಿಸಿ, ಅದರ ಸಂಖ್ಯೆಯನ್ನು ಪ್ರಮಾಣಪತ್ರದ ಮೇಲೆ ಹಾಕಿ. ನೇಮಕವಾದ ಮೇಲೆ ಇಲಾಖೆಯವರು ನೈಜತೆ ಪರಿಶೀಲನೆಗೆ ಬರೆಯುತ್ತಾರೆ. ಆಗ ಜಾವಕದಲ್ಲಿ ಸಂಖ್ಯೆ ಸಿಗದಿದ್ದರೆ ಅಸಲಿ ಪತ್ರವೂ ನಕಲಿಯಂತೆ ಕಾಣುತ್ತದೆ.

6. ‘ಸ್ವಲ್ಪ ತಿದ್ದಿಕೊಡಿ’ ಎಂದು ಬಂದವರಿಗೆ

ಹಳೆಯ ವಹಿಯ ಒಂದು ಪುಟ ತೆರೆದು ಹುಟ್ಟಿದ ದಿನಾಂಕದ ಅಂಕಣದ ಮೇಲೆ ಬೆರಳಾಡಿಸಿ: ಜೂನ್ 1, ಜೂನ್ 1, ಮೇ 20, ಜೂನ್ 1. ಜನನ ನೋಂದಣಿ ಇಲ್ಲದ ಕಾಲದಲ್ಲಿ ಮೇಷ್ಟ್ರು ಮಗುವಿನ ಎತ್ತರ ನೋಡಿ, ಶಾಲೆ ತೆರೆಯುವ ಹೊತ್ತಿಗೆ ವಯಸ್ಸು ಸರಿಹೋಗುವಂತೆ ಬರೆದುಕೊಂಡ ದಿನಾಂಕಗಳು ಅವು. ಅದು ನಿಜವಾದ ಹುಟ್ಟುಹಬ್ಬ ಅಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ದಾಖಲೆ ಅದೇ.

ಹುಟ್ಟಿದ ದಿನ, ಜಾತಿ, ಹೆಸರು ಯಾವುದನ್ನೂ ಕಚೇರಿ ತಾನಾಗಿ ತಿದ್ದುವಂತಿಲ್ಲ. ಓದುತ್ತಿರುವ ಮಗುವಿನದಾದರೆ ಪೋಷಕರ ಅರ್ಜಿ, ಜನನ ಪ್ರಮಾಣಪತ್ರ ಇತ್ಯಾದಿಗಳೊಂದಿಗೆ ಪ್ರಸ್ತಾವನೆಯನ್ನು ಬಿ.ಇ.ಒ. ಕಚೇರಿಗೆ ಕಳಿಸಿ, ಲಿಖಿತ ಆದೇಶ ಬಂದ ಮೇಲೆ ತಿದ್ದಿ. ಶಾಲೆ ಬಿಟ್ಟು ಹೋದವರಿಗೆ ದಾರಿ ಇನ್ನೂ ಉದ್ದ. ನ್ಯಾಯಾಲಯಕ್ಕೆ ಹೋಗಬೇಕಾಗಿ ಬರಬಹುದೆಂದು ಮೊದಲ ದಿನವೇ ಹೇಳಿಬಿಡಿ. ಆಸೆ ಹುಟ್ಟಿಸಿ ಅಲೆಸುವುದಕ್ಕಿಂತ ಇದು ಮೇಲು.

ಆದೇಶ ಬಂದಾಗ ತಿದ್ದುವ ರೀತಿ: ಹಳೆಯ ನಮೂದಿನ ಮೇಲೆ ಸ್ಕೇಲಿಟ್ಟು ಒಂದೇ ಕೆಂಪು ಗೆರೆ, ಹಳೆಯದು ಓದಲು ಬರುವಂತೆ. ಮೇಲೆ ಹೊಸ ನಮೂದು. ಷರಾ ಅಂಕಣದಲ್ಲಿ ಆದೇಶದ ಸಂಖ್ಯೆ, ದಿನಾಂಕ, ಎಚ್.ಎಂ. ಸಹಿ, ಮೊಹರು. ವೈಟ್ನರ್ ಬಾಟಲಿ ನಿಮ್ಮ ಮೇಜಿನ ಮೇಲೇ ಇರಬಾರದು. ಬ್ಲೇಡಿನಿಂದ ಕೆರೆದ ಜಾಗ ನಿಮ್ಮ ಕಣ್ಣಿಗೆ ಬಿದ್ದರೆ ಅದನ್ನು ಮುಟ್ಟಬೇಡಿ. ಫೋಟೊ ತೆಗೆದು ಎಚ್.ಎಂ. ಅವರಿಗೆ ಲಿಖಿತವಾಗಿ ತಿಳಿಸಿ.

ಮುಂದೆ ಈ ತಲೆನೋವು ಕಡಿಮೆಯಾಗಬೇಕೆಂದರೆ ಈಗ ಸೇರುವ ಮಕ್ಕಳದ್ದನ್ನು ಸರಿಯಾಗಿ ಬರೆಯಿರಿ. ಜನನ ಪ್ರಮಾಣಪತ್ರ, ಆಧಾರ್, ದಾಖಲಾತಿ ವಹಿ ಮೂರರಲ್ಲೂ ಹೆಸರು ಒಂದೇ ಅಕ್ಷರದಲ್ಲಿರಲಿ. 12 ಅಂಕಿಯ ಅಪಾರ್ ಸಂಖ್ಯೆ (ವಿದ್ಯಾರ್ಥಿಯ ರಾಷ್ಟ್ರೀಯ ಗುರುತಿನ ಸಂಖ್ಯೆ) ಹುಟ್ಟದೇ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಆಧಾರ್‌ನಲ್ಲಿ ಒಂದು ಹೆಸರು, ಯು-ಡೈಸ್‌ನಲ್ಲಿ ಇನ್ನೊಂದು ಇರುವುದು. ಹತ್ತನೇ ತರಗತಿ ನೋಂದಣಿಗೆ ಮುಂಚೆ ಪ್ರತಿ ವಿದ್ಯಾರ್ಥಿಯ ವಿವರವನ್ನು ಮುದ್ರಿಸಿ ಮನೆಗೆ ಕಳಿಸಿ, ಪೋಷಕರ ಸಹಿ ಪಡೆದು ಕಡತದಲ್ಲಿಡಿ. ಇನಿಷಿಯಲ್ ಹಿಂದೆಯೋ ಮುಂದೆಯೋ ಎಂಬುದನ್ನೂ ಅವರೇ ಹೇಳಲಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುವುದು ದೊಡ್ಡ ಓಡಾಟ.

7. ದುಡ್ಡಿನ ಲೆಕ್ಕ

ನಗದು ಪುಸ್ತಕ ಅಂದಂದೇ ಬರೆಯಬೇಕು, ಎಚ್.ಎಂ. ಸಹಿ ಅಂದೇ ಬೀಳಬೇಕು. ‘ಶನಿವಾರ ಒಟ್ಟಿಗೆ ಬರೆಯುತ್ತೇನೆ’ ಎಂದವರ ಪುಸ್ತಕ ಮಾರ್ಚಿನಲ್ಲಿ ಕೂಡುವುದಿಲ್ಲ. ಬಂದ ಹಣಕ್ಕೆ ರಶೀದಿ, ರಶೀದಿ ಸಂಖ್ಯೆ ನಗದು ಪುಸ್ತಕದಲ್ಲಿ, ಹಣ ಬ್ಯಾಂಕಿಗೆ ಅಥವಾ ಖಜಾನೆಗೆ. ಸರ್ಕಾರಕ್ಕೆ ಕಟ್ಟಬೇಕಾದ ವಸೂಲಿಯಿಂದ ನೇರವಾಗಿ ಸೀಮೆಸುಣ್ಣ ತಂದರೂ ಅದು ಆಕ್ಷೇಪಣೆಯೇ. ಮೊದಲು ಕಟ್ಟಿ, ಆಮೇಲೆ ಬೇರೆ ಅನುದಾನದಿಂದ ಖರ್ಚು ಮಾಡಬೇಕು.

ಎಸ್‌.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆ, ಬಿಸಿಯೂಟದ ಖಾತೆ, ಶಾಲೆಯ ಖಾತೆ ಎಲ್ಲಕ್ಕೂ ಬೇರೆ ಬೇರೆ ನಗದು ಪುಸ್ತಕ. ತಿಂಗಳ ಕೊನೆಗೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ತಾಳೆ ಹಾಕಿ. ಕೂಡದಿದ್ದರೆ ಮೊದಲು ನೋಡಬೇಕಾದ್ದು ಮೂರು: ಬ್ಯಾಂಕ್ ಹಾಕಿದ ಬಡ್ಡಿ, ಬ್ಯಾಂಕ್ ಕಡಿದ ಶುಲ್ಕ, ಕೊಟ್ಟರೂ ನಗದಾಗದ ಚೆಕ್ಕು. ಚೆಕ್ಕಿನ ಆಯಸ್ಸು ಮೂರೇ ತಿಂಗಳು. ಆಮೇಲೂ ನಗದಾಗದಿದ್ದರೆ ರದ್ದುಮಾಡಿ ಜಮಾ ತೋರಿಸಿ. ತಪ್ಪಾದ ಅಂಕಿಯ ಮೇಲೆ ಗೆರೆ ಎಳೆದು ಚುಟುಕು ಸಹಿ ಹಾಕಿ. ಹಾಳಾದ ರಶೀದಿಯನ್ನು ಹರಿಯದೆ ‘ರದ್ದು’ ಎಂದು ಬರೆದು ಪುಸ್ತಕದಲ್ಲೇ ಬಿಡಿ.

8. ಸಿಬ್ಬಂದಿಯ ಸೇವಾ ವಹಿ

ನಿವೃತ್ತಿ ಹತ್ತಿರ ಬಂದಾಗ ಮಹಾಲೇಖಪಾಲರ ಕಚೇರಿಯಿಂದ ಪಿಂಚಣಿ ಕಡತ ವಾಪಸಾಗುವುದು ಹೆಚ್ಚಾಗಿ ಒಂದು ಕಾರಣಕ್ಕೆ: ಯಾವುದೋ ಹಳೆಯ ಶಾಲೆಯಲ್ಲಿ ವರ್ಷವೊಂದರ ಸೇವಾ ಪರಿಶೀಲನೆಯ ನಮೂದು ಇಲ್ಲ. ಅದಕ್ಕೇ ಪ್ರತಿ ವರ್ಷ ಸಂಬಳದ ಬಿಲ್ಲಿನೊಂದಿಗೆ ತಾಳೆ ನೋಡಿ ‘ಸೇವೆ ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಮಾಡಿಸಿ. 2006ರ ಏಪ್ರಿಲ್ 1ರಿಂದ ಸೇರಿದ ಸರ್ಕಾರಿ ನೌಕರರು ಸಾಮಾನ್ಯವಾಗಿ ಎನ್.ಪಿ.ಎಸ್. (ರಾಷ್ಟ್ರೀಯ ಪಿಂಚಣಿ ಯೋಜನೆ) ವ್ಯಾಪ್ತಿಯವರು, ಅವರ ಎನ್.ಪಿ.ಎಸ್. ಸಂಖ್ಯೆ ವಹಿಯಲ್ಲಿರಲಿ. ನಿಮ್ಮದೇ ವಿಷಯ ಒಂದು: ಶಿಕ್ಷಕರಂತೆ ನಿಮಗೆ ದಸರಾ, ಬೇಸಿಗೆ ರಜೆ ಇಲ್ಲ. ಬದಲಿಗೆ ಜನವರಿ 1 ಮತ್ತು ಜುಲೈ 1ಕ್ಕೆ ತಲಾ 15 ದಿನ ಗಳಿಕೆ ರಜೆ ಜಮಾ ಆಗಬೇಕು. ಎಷ್ಟೋ ಶಾಲೆಗಳಲ್ಲಿ ಗುಮಾಸ್ತರ ರಜೆ ಲೆಕ್ಕವನ್ನೇ ಯಾರೂ ಬರೆದಿರುವುದಿಲ್ಲ.

9. ಮಾಹಿತಿ ಹಕ್ಕಿನ ಅರ್ಜಿ ಬಂದರೆ

ಗಾಬರಿ ಬೇಡ. 10 ರೂಪಾಯಿ ಶುಲ್ಕ ಇದೆಯೇ ನೋಡಿ (ಬಡತನ ರೇಖೆಗಿಂತ ಕೆಳಗಿನವರಿಗೆ ಇಲ್ಲ), ಆವಕದಲ್ಲಿ ಏರಿಸಿ, ಉತ್ತರಕ್ಕೆ ಗಡುವಾದ 30ನೇ ದಿನ ಯಾವುದೆಂದು ಅರ್ಜಿಯ ಮೇಲೇ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ನಿಮಗೆ ಸೇರದ ವಿಷಯವಾದರೆ ಐದು ದಿನದೊಳಗೆ ಸಂಬಂಧಪಟ್ಟವರಿಗೆ ವರ್ಗಾಯಿಸಬೇಕು. ಪ್ರತಿಗೆ ಪುಟಕ್ಕೆ 2 ರೂಪಾಯಿ. ಬೇರೆಯವರ ಜಾತಿ, ಹುಟ್ಟಿದ ದಿನ ಕೇಳಿ ಬರುವ ಅರ್ಜಿಗಳೇ ಹಳೆಯ ಶಾಲೆಗಳಿಗೆ ಹೆಚ್ಚು. ಚುನಾವಣೆ ಬಂದಾಗ, ಆಸ್ತಿ ಜಗಳ ಇದ್ದಾಗ ವಿಶೇಷವಾಗಿ. ಅದು ಮೂರನೆಯವರ ವೈಯಕ್ತಿಕ ಮಾಹಿತಿ. ಕೊಡಬೇಕೋ ಬೇಡವೋ ಎಂಬುದನ್ನು ಮಾಹಿತಿ ಅಧಿಕಾರಿ ಕಾಯ್ದೆಯ ಪ್ರಕಾರ ತೀರ್ಮಾನಿಸಲಿ. ಕೌಂಟರಿನಲ್ಲಿ ನಿಂತವರಿಗೆ ವಹಿ ತಿರುಗಿಸಿ ತೋರಿಸಬೇಡಿ, ಪರಿಚಯದವರಾದರೂ ಸರಿ.

10. ಹಳೆಯ ವಹಿಗಳನ್ನು ಉಳಿಸಿಕೊಳ್ಳುವುದು

ವಹಿಯ ಶತ್ರುಗಳು ಗೆದ್ದಲು, ತೇವ ಮತ್ತು ಸೆಲ್ಲೋಟೇಪು. ಮೂರನೆಯದು ನಮ್ಮದೇ ಕೊಡುಗೆ. ಹರಿದ ಹಾಳೆಗೆ ಅಂಟಿಸಿದ ಟೇಪು ಕೆಲವೇ ವರ್ಷಗಳಲ್ಲಿ ಕಂದಾಗಿ, ಅಂಟು ಕಾಗದದೊಳಗೆ ಇಳಿದು, ಅಕ್ಷರವನ್ನೂ ಎಳೆದುಕೊಂಡು ಎದ್ದು ಬರುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಮತ್ತೆ ಬಿಡಿಸಲಾಗುವುದಿಲ್ಲ. ಹರಿದ ಕಡೆ ತೆಳುವಾದ ಟಿಶ್ಯೂ ಕಾಗದದ ಪಟ್ಟಿಯನ್ನು ತೆಳ್ಳಗೆ ಕಾಯಿಸಿದ ಮೈದಾ ಅಂಟಿನಿಂದ ಹಿಂಬದಿಗೆ ಹಚ್ಚಿ, ಎರಡು ಬಿಳಿ ಹಾಳೆಗಳ ನಡುವೆ ಭಾರವಿಟ್ಟು ಪೂರ್ತಿ ಒಣಗಿಸಿ. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ.

ಕಪಾಟು ಗೋಡೆಗೆ ತಾಗದಿರಲಿ, ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲಿರಲಿ. ದೊಡ್ಡ ವಹಿಗಳನ್ನು ನಿಲ್ಲಿಸಬೇಡಿ. ಮಲಗಿಸಿ, ಒಂದರ ಮೇಲೊಂದು ಮೂರಕ್ಕಿಂತ ಹೆಚ್ಚು ಬೇಡ. ರಟ್ಟು ಕಳಚಿದ ವಹಿಯನ್ನು ನೂಲಿನ ಲಾಡಿಯಿಂದ ಕಟ್ಟಿ ಬಟ್ಟೆಯಲ್ಲಿ ಸುತ್ತಿ. ರಬ್ಬರ್ ಬ್ಯಾಂಡು ಕರಗಿ ಅಂಟಿಕೊಳ್ಳುತ್ತದೆ, ಗುಂಡುಪಿನ್ನು ತುಕ್ಕು ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೊಮ್ಮೆ ಎಲ್ಲವನ್ನೂ ಹೊರತೆಗೆದು ನೆರಳಲ್ಲಿ ಗಾಳಿಗೆ ಹರಡಿ, ಬ್ರಷ್ಷಿನಿಂದ ಧೂಳು ತೆಗೆಯಿರಿ. ಬಿಸಿಲಿಗೆ ಇಡಬೇಡಿ, ಕಾಗದ ಇನ್ನಷ್ಟು ಸೆಡೆತುಕೊಳ್ಳುತ್ತದೆ.

ದಾಖಲಾತಿ ವಹಿ ಶಾಶ್ವತ ದಾಖಲೆ. ಜಾಗ ಇಲ್ಲವೆಂದು ಹಳೆಯ ಕಡತ ವಿಲೇವಾರಿ ಮಾಡುವಾಗ ಅದು ಆ ರಾಶಿಗೆ ಸೇರದಂತೆ ನೀವೇ ನಿಂತು ನೋಡಿ. ವಿಲೇವಾರಿಗೆ ಪಟ್ಟಿ, ಎಚ್.ಎಂ. ಅನುಮೋದನೆ, ಇಲಾಖೆಯ ಅನುಮತಿ ಮೂರೂ ಇಲ್ಲದೆ ಗುಜರಿಯವರನ್ನು ಒಳಗೆ ಕರೆಯಬೇಡಿ.

ಸ್ಕ್ಯಾನ್ ಮಾಡುವುದಾದರೆ ಹಳೆಯ ವಹಿಯನ್ನು ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಒತ್ತಿದರೆ ಬೆನ್ನು ಮುರಿಯುತ್ತದೆ. ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲು ಅಥವಾ ಮೇಲಿನಿಂದ ತೆಗೆಯುವ ಸ್ಕ್ಯಾನರ್ ಬಳಸಿ, ಬೆಳಕು ಪಕ್ಕದಿಂದ ಬರಲಿ, ಫ್ಲಾಶ್ ಬೇಡ. ಸ್ಕ್ಯಾನರಾದರೆ 300 ಡಿ.ಪಿ.ಐ. ಸಾಕು. ಕಡತದ ಹೆಸರು ‘ಸಂಪುಟ03-ಪುಟ045’ ಎಂಬ ಹಾಗೆ, ನಿಮ್ಮ ಸೂಚಿಗೆ ಹೊಂದುವಂತೆ ಇಡಿ. ಪ್ರತಿ ಸಂಪುಟ ಮುಗಿದ ಮೇಲೆ ಪುಟಗಳ ಸಂಖ್ಯೆಗೂ ಚಿತ್ರಗಳ ಸಂಖ್ಯೆಗೂ ತಾಳೆ ಹಾಕಿ. ಎರಡು ಹಾಳೆ ಒಟ್ಟಿಗೆ ಮಗುಚಿದ್ದು ಆಗ ಸಿಕ್ಕಿಬೀಳುತ್ತದೆ. ಎರಡು ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಇಟ್ಟು, ಒಂದು ಎಚ್.ಎಂ. ಬೀರುವಿನಲ್ಲಿರಲಿ. ಉಚಿತ ಸ್ಕ್ಯಾನ್ ಆ್ಯಪು, ವಾಟ್ಸ್ಆ್ಯಪ್ ಗುಂಪು ಯಾವುದಕ್ಕೂ ಈ ಚಿತ್ರ ಹೋಗಬಾರದು, ಸಾವಿರಾರು ಮನೆಗಳ ಜಾತಿ, ವಯಸ್ಸು, ವಿಳಾಸ ಅದರಲ್ಲಿದೆ. ಸೂಚಿಯ ಒಂದು ಪ್ರತಿಯನ್ನು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿ, ಇನ್ನೊಂದನ್ನು ಪ್ರಭಾರ ಪಟ್ಟಿಯ ಜತೆ ಸೇರಿಸಿಡಿ.